ಯಾವುದರ ಮೇಲೆ ಜಾರಿದ್ದು ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಜಿಲ್ಲಾ ಪುಟವನ್ನು ನಾನು ದಿನಾ ಓದುತ್ತೇನೆ. ಅದರ ಮೂಲೆಯಲ್ಲಿ ಆಗಾಗ ಒಂದು ಪುಟ್ಟ ಸುದ್ದಿ ಇರುತ್ತದೆ. ‘ಕಾಲು ಜಾರಿ ಬಿದ್ದು ವೃದ್ಧೆ ಸಾವು’, ‘ಆಯತಪ್ಪಿ ಬಿದ್ದು ಕಾರ್ಮಿಕನಿಗೆ ಗಾಯ’, ಹೀಗೆ. ಮೂರೋ ನಾಲ್ಕೋ ಸಾಲು. ಹೆಸರು, ವಯಸ್ಸು, ಊರು, ಯಾವ ಠಾಣೆ ಎಲ್ಲಾ ಇರುತ್ತದೆ. ಯಾವುದರ ಮೇಲೆ ಜಾರಿದರು ಅನ್ನೋದು ಮಾತ್ರ ಇರುವುದಿಲ್ಲ. ಇಷ್ಟು ವರ್ಷ ನನಗೂ ಅದೊಂದು ಕೊರತೆ ಅಂತ ಅನ್ನಿಸಿರಲಿಲ್ಲ. ನಾನೇ ಬಿದ್ದ ಮೇಲೆ ಅನ್ನಿಸಿತು.

ನಾನು ಕೋಲಾರದಲ್ಲಿ ಟೊಮೆಟೊ ಮಂಡಿಯೊಂದರಲ್ಲಿ ರೈಟರ್. ಹರಾಜು ಮುಗಿದ ಮೇಲೆ ರೈತರಿಗೆ ಪಟ್ಟಿ ಬರೆದುಕೊಡುವುದು ನನ್ನ ಕೆಲಸ. ಅವತ್ತು ಬೆಳಿಗ್ಗೆ ಸಣ್ಣಗೆ ಮಳೆ ಹನಿದು ನಿಂತಿತ್ತು. ಕಂಕುಳಲ್ಲಿ ಪಟ್ಟಿ ಪುಸ್ತಕ, ಕೈಯಲ್ಲಿ ಪೆನ್ನು, ಬಾಕ್ಸುಗಳ ಸಾಲು ಎಣಿಸುತ್ತಾ ಹೋಗುತ್ತಿದ್ದೆ. ಜಜ್ಜಿದ ಹಣ್ಣೊಂದರ ಸಿಪ್ಪೆ ಚಪ್ಪಲಿ ಕೆಳಗೆ ಬಂತು. ಟೊಮೆಟೊ ಬಗ್ಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಬಾಳೆಹಣ್ಣಿನ ಸಿಪ್ಪೆಯನ್ನು ಎಲ್ಲರೂ ಆಡಿಕೊಳ್ಳುತ್ತಾರೆ, ಟೊಮೆಟೊ ಅದಕ್ಕೇನೂ ಕಮ್ಮಿ ಇಲ್ಲ. ಬೀಜದ ಸುತ್ತ ಇರುವ ಲೋಳೆ, ಮೇಲೆ ನುಣ್ಣನೆ ಸಿಪ್ಪೆ, ಕೆಳಗೆ ಒದ್ದೆ ಸಿಮೆಂಟು. ಕಾಲು ಮುಂದಕ್ಕೆ ಹೋಯಿತು, ಮೈ ಹಿಂದಕ್ಕೆ ಬಂತು, ಬಲಗೈ ತಾನಾಗಿಯೇ ನೆಲಕ್ಕೆ ಊರಿತು. ಪುಸ್ತಕ ಮಾತ್ರ ಕಂಕುಳಲ್ಲೇ ಇತ್ತು ನೋಡಿ, ಅಭ್ಯಾಸಬಲ. ಲಟಕ್ ಅಂತ ಆದ ಶಬ್ದ ಪಕ್ಕದಲ್ಲಿದ್ದ ಹಮಾಲಿಗೂ ಕೇಳಿಸಿತಂತೆ.

ಎಬ್ಬಿಸಿ ಕೂರಿಸಿದವರ ಮೊದಲ ಮಾತು, ‘ನೋಡ್ಕೊಂಡು ನಡೆಯಬಾರದಾ ಸಾರ್?’ ಮನೆಗೆ ಫೋನ್ ಮಾಡಿದರೆ ನನ್ನಾಕೆ, ‘ಯಾರ ಕಣ್ಣು ಬಿತ್ತೋ’ ಅಂದಳು. ಅಮ್ಮ ಶನಿದೇವರಿಗೆ ಎಳ್ಳೆಣ್ಣೆ ದೀಪ ಹಚ್ಚಿಸಬೇಕು ಅಂದರು. ಒಬ್ಬರು ನನ್ನ ಕಣ್ಣನ್ನು ಬೈದರು, ಇನ್ನೊಬ್ಬರು ಊರವರ ಕಣ್ಣನ್ನು, ಮತ್ತೊಬ್ಬರು ಗ್ರಹವನ್ನು. ನೆಲವನ್ನು ಯಾರೂ ಬೈಯಲಿಲ್ಲ. ನಾನೂ ಬೈಯಲಿಲ್ಲ. ಆ ನೆಲ ಹಾಗಿರುತ್ತದೆ ಅಂತ ವರ್ಷಗಳಿಂದ ಒಪ್ಪಿಕೊಂಡೇ ಓಡಾಡಿದವನು ನಾನು.

ನಿಜ ಹೇಳಬೇಕೆಂದರೆ ನೆಲ ಯಾವಾಗಲೂ ಹಾಗಿರುವುದಿಲ್ಲ. 2023ರ ಜುಲೈ ನೆನಪಿದೆಯಲ್ಲಾ, 15 ಕೆಜಿ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದು? ಆಗ ನಮ್ಮ ಮಂಡಿ ನೆಲದ ಮೇಲೆ ಒಂದೇ ಒಂದು ಹಣ್ಣು ಉಳಿಯುತ್ತಿರಲಿಲ್ಲ. ಬಿದ್ದದ್ದನ್ನು ಬಿದ್ದ ಗಳಿಗೆಯಲ್ಲೇ ಹೆಕ್ಕಿಕೊಳ್ಳುತ್ತಿದ್ದರು, ಒಡೆದದ್ದನ್ನೂ ಬಿಡುತ್ತಿರಲಿಲ್ಲ. ಆ ತಿಂಗಳು ನಮ್ಮಲ್ಲಿ ಯಾರಾದರೂ ಜಾರಿ ಬಿದ್ದ ನೆನಪಿಲ್ಲ. ರೇಟು ಇಳಿದಾಗ ನೋಡಬೇಕು, ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ ಅಂತ ರೈತರು ಬಾಕ್ಸನ್ನೇ ಸುರಿದು ಹೋಗುತ್ತಾರೆ, ಅದರ ಮೇಲೆ ಟೆಂಪೋ ಹತ್ತುತ್ತದೆ, ನೆಲವೆಲ್ಲಾ ಗೊಜ್ಜು. ತಲೆ ಮೇಲೆ ಬಾಕ್ಸು ಹೊತ್ತ ಹಮಾಲಿಗಳು ಅದರ ಮೇಲೆಯೇ ಓಡಾಡಬೇಕು. ಹೊತ್ತವನಿಗೆ ತನ್ನ ಕಾಲು ತನಗೆ ಕಾಣುವುದಿಲ್ಲ, ನೋಡಿಕೊಂಡು ನಡೆ ಅಂದರೆ ಹೇಗೆ ನಡೆದಾನು? ನಮ್ಮಲ್ಲಿ ರೇಟು ಬಿದ್ದಾಗ ಜನವೂ ಬೀಳುತ್ತಾರೆ ಅಂತ ತಮಾಷೆಗೆ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಆಸ್ಪತ್ರೆಯಲ್ಲಿ ನನ್ನ ಮಣಿಕಟ್ಟು ಸೌಟಿನ ಹಿಡಿ ಬಗ್ಗಿದ ಹಾಗೆ ಬಗ್ಗಿತ್ತು. ಎಕ್ಸ್‌ರೇ ತೆಗೆದು, ಮರಗಟ್ಟಿಸಿ, ಎಳೆದು ಕೂರಿಸಿ, ಆರು ವಾರಕ್ಕೆ ಪ್ಲಾಸ್ಟರ್ ಹಾಕಿದರು. ಇದಕ್ಕೆ ಕಾಲಿಸ್ ಫ್ರ್ಯಾಕ್ಚರ್ ಅಂತಾರಂತೆ. ಕಾಲು ಅಲ್ಲ ಕೈ ಅಲ್ವಾ ಡಾಕ್ಟ್ರೇ ಅಂದೆ. ಅವರು ನಕ್ಕು, ಅದು ಅಬ್ರಹಾಂ ಕಾಲಿಸ್ ಅನ್ನೋ ಡಾಕ್ಟರ ಹೆಸರು, ಐರ್ಲೆಂಡಿನ ಡಬ್ಲಿನ್‌ನವರು, 1814ರಲ್ಲೇ ಇದರ ಬಗ್ಗೆ ಬರೆದಿದ್ದರು ಅಂದರು. ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅಂದರೆ ಒಳಗಿನ ಮೂಳೆಯ ಫೋಟೋ ಇಲ್ಲದ ಕಾಲದಲ್ಲಿ, ಮುಟ್ಟಿ ನೋಡಿ, ಇಲ್ಲಿ ಮುರಿದಿದೆ ಅಂತ ಹೇಳಿದ ಮನುಷ್ಯ. ಇನ್ನೂರು ವರ್ಷದ ಮೇಲಾಯಿತು, ನಾವು ಹಾಗೆಯೇ ಕೈ ಊರಿ ಬೀಳುತ್ತಿದ್ದೇವೆ.

ಕೈಗೆ ಕೊಟ್ಟ ಚೀಟಿಯಲ್ಲಿ ಏನು ಬರೆದಿತ್ತು ಗೊತ್ತಾ? ‘ಹಿಸ್ಟರಿ ಆಫ್ ಸ್ಲಿಪ್ ಅಂಡ್ ಫಾಲ್’. ಜಾರಿದ, ಬಿದ್ದ. ನಿಮ್ಮ ಪತ್ರಿಕೆಯ ಸುದ್ದಿ ಥರವೇ.

ವಾರಕ್ಕೊಮ್ಮೆ ತೋರಿಸಿಕೊಳ್ಳಲು ಹೋದಾಗ ಮೂಳೆ ಡಾಕ್ಟರ ಕೋಣೆ ಹೊರಗಿನ ಬೆಂಚಿನ ಮೇಲೆ ಎರಡು ಮೂರು ಗಂಟೆ ಕೂರಬೇಕಾಗುತ್ತಿತ್ತು. ಸುಮ್ನೆ ಕೂರಲಾಗದೆ ಪಕ್ಕದವರನ್ನು ಮಾತಾಡಿಸಿದೆ. ಹೇಗೆ ಬಿದ್ರಿ ಅಂದರೆ ಎಲ್ಲರದೂ ಒಂದೇ ಉತ್ತರ, ‘ಕಾಲು ಜಾರ್ತು.’ ಯಾವುದರ ಮೇಲೆ ಅಂತ ಮತ್ತೆ ಕೇಳಿದರೆ ಆಗ ಕಥೆ ಬಿಚ್ಚಿಕೊಳ್ಳುತ್ತದೆ.

ಶ್ರೀನಿವಾಸಪುರ ಕಡೆಯ ಒಬ್ಬ ಅಕ್ಕ. ಐದು ಸೀಮೆಹಸು. ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ತೊಳೆದು, ಹಾಲು ಕರೆದು, ಡೈರಿಗೆ ಹಾಕಬೇಕು. ಮೊದಲು ಮಣ್ಣಿನ ನೆಲ ಇತ್ತು, ಈಗ ಸಿಮೆಂಟು. ಗಂಜಲ, ಸಗಣಿ, ತೊಳೆದ ನೀರು, ಮಬ್ಬುಗತ್ತಲೆ. ಕ್ಯಾನು ಎತ್ತಿಕೊಂಡು ತಿರುಗುವಾಗ ಅಂಗಾತ ಬಿದ್ದಿದ್ದಾರೆ. ಬೆನ್ನುಮೂಳೆಯ ಕೆಳಗಿನ ತುದಿ ಬಿರುಕು ಬಿಟ್ಟಿದೆ, ಕೂರಲು ಆಗುತ್ತಿಲ್ಲ, ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತೇ ಮಾತಾಡಿದರು. ‘ಹಸುಗಳು ಜಾರಲ್ವಾ ಅಕ್ಕ?’ ಅಂದೆ. ‘ಇಲ್ಲಣ್ಣ, ಅವಕ್ಕೆ ರಬ್ಬರ್ ಮ್ಯಾಟ್ ಹಾಕಿಸಿದೀವಿ, ಒಂದು ಸಲ ಒಂದು ಗಬ್ಬದ ಹಸು ಜಾರಿ ಕಾಲು ಅಗಲಿಸಿಬಿಡ್ತು, ಆವಾಗಿಂದ’ ಅಂದರು. ಹಾಗೆ ಅಂದವರು ಒಂದು ಗಳಿಗೆ ಸುಮ್ಮನಾದರು. ಹಸು ನಿಲ್ಲುವ ಕಡೆ ಮ್ಯಾಟ್ ಇದೆ, ಹಸುವಿನ ಹಿಂದೆ ಇವರು ಓಡಾಡುವ ಎರಡಡಿ ಜಾಗದಲ್ಲಿ ಇಲ್ಲ.

ಬಂಗಾರಪೇಟೆ ಕಡೆಯ ಯಜಮಾನರೊಬ್ಬರು ಮದುವೆ ಛತ್ರದಲ್ಲಿ, ಒಂದು ಪಂಕ್ತಿ ಎದ್ದು ಇನ್ನೊಂದು ಪಂಕ್ತಿ ಕೂರುವ ಮಧ್ಯೆ ಒರೆಸಿ ಬಿಟ್ಟ ಪಾಲಿಶ್ ಗ್ರಾನೈಟಿನ ಮೇಲೆ ಬಿದ್ದವರು. ಹೆಗಲು ಕಳಚಿತ್ತು. ಕಾಲೇಜು ಹುಡುಗನೊಬ್ಬ ಚರಂಡಿ ಮೇಲಿನ ಚಪ್ಪಡಿ ಎಡವಿ ಮುಂದಿನ ಎರಡು ಹಲ್ಲು ಮತ್ತು ಮಂಡಿಚಿಪ್ಪು ಒಡೆದುಕೊಂಡಿದ್ದ. ಫೋನ್ ನೋಡ್ತಿದ್ದೆ ಅಂತ ತಾನೇ ಒಪ್ಪಿಕೊಂಡ, ಒಳ್ಳೆ ಹುಡುಗ. ಆದರೂ ನಡೆಯುವಾಗ ನಮ್ಮ ಹೆಬ್ಬೆರಳ ತುದಿ ನೆಲದಿಂದ ಮೇಲೆ ಇರುವುದು ಒಂದೆರಡು ಸೆಂಟಿಮೀಟರ್ ಮಾತ್ರ. ಚಪ್ಪಡಿ ಒಂದಿಂಚು ಎದ್ದಿದ್ದರೆ ಫೋನ್ ಇಲ್ಲದವನೂ ಎಡವುತ್ತಾನೆ.

ಇವರೆಲ್ಲರಿಗಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಸ್ಟ್ರೆಚರ್ ಮೇಲೆ ಬಂದ ಒಬ್ಬ ಅಜ್ಜಿ. ಹರಳೆಣ್ಣೆ ಹಚ್ಚಿಕೊಂಡು ತಲೆಗೆ ನೀರು ಹಾಕಿಕೊಂಡಿದ್ದಾರೆ. ಮೊಮ್ಮಗ ಹೊಸದಾಗಿ ಕಟ್ಟಿಸಿದ ಮನೆ, ಬಾತ್‌ರೂಮಿಗೆ ಹಾಲಿನಂತಹ ಬಿಳಿ ಟೈಲ್ಸು. ಎಣ್ಣೆ ನೀರು, ಸೀಗೆಕಾಯಿ ಲೋಳೆ, ಹಿಡಿದುಕೊಳ್ಳಲು ನಲ್ಲಿ ಬಿಟ್ಟರೆ ಏನೂ ಇಲ್ಲ. ಬಿದ್ದ ಮೇಲೆ ಉಳುಕಿರಬೇಕು ಅಂತ ಎರಡು ದಿನ ಮನೆಯಲ್ಲೇ ಎಣ್ಣೆ ನೀವಿದ್ದರು. ಹೊದ್ದಿಸಿದ ಬೆಡ್‌ಶೀಟಿನ ಕೆಳಗೇ ಕಾಣುತ್ತಿತ್ತು, ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ, ಪಾದ ಹೊರಕ್ಕೆ ತಿರುಗಿತ್ತು. ಸೊಂಟ ಮುರಿದರೆ ಹಾಗೆಯೇ ಕಾಣುತ್ತದಂತೆ. ಹಾಗೆ ಕಂಡರೆ ನೀವಬಾರದು, ಎಳೆಯಬಾರದು, ನಿಲ್ಲಿಸಿ ನೋಡಬಾರದು, ಮಲಗಿಸಿಕೊಂಡೇ ಆಸ್ಪತ್ರೆಗೆ ತರಬೇಕು.

ಅವರ ಮಗ ಪುತ್ತೂರು ಕಟ್ಟು, ಅಂದರೆ ಆಂಧ್ರದ ಪುತ್ತೂರಿನ ನಾಟಿ ಮೂಳೆ ಕಟ್ಟು, ಹಾಕಿಸೋಣ ಅಂತಿದ್ದರು. ನಮ್ಮ ಕಡೆ ಮೂಳೆ ಮುರಿಯಿತು ಅಂದರೆ ಮೊದಲು ಬಾಯಿಗೆ ಬರುವ ಮಾತೇ ಅದು, ಗಡಿ ದಾಟಿದರೆ ಚಿತ್ತೂರು ಸೀಮೆ ತಾನೇ. ನಾನು ಕಟ್ಟು ಕಟ್ಟುವವರನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಆದರೆ ಸೊಂಟ ಮುರಿಯಿತು ಅಂದಾಗ ಹೆಚ್ಚಾಗಿ ಮುರಿಯುವುದು ತೊಡೆಮೂಳೆಯ ಕುತ್ತಿಗೆ. ಅದು ಎಷ್ಟು ಒಳಗಿದೆ ಅಂದರೆ ಹೊರಗಿನಿಂದ ಯಾವ ಕಟ್ಟು ಹಾಕಿದರೂ ಹಿಡಿದು ನಿಲ್ಲಿಸಲಾಗುವುದಿಲ್ಲ, ಆಸ್ಪತ್ರೆಯ ಪ್ಲಾಸ್ಟರ್ ಕೂಡ ಆಗುವುದಿಲ್ಲ. ಸ್ಕ್ರೂ ಹಾಕಬೇಕು, ಇಲ್ಲವೇ ಮೂಳೆಯ ಗುಂಡನ್ನೇ ಬದಲಿಸಬೇಕು, ಅದೂ ಸಾಧ್ಯವಾದಷ್ಟೂ ಒಂದೆರಡು ದಿನದೊಳಗೆ. ಯಾಕೆ ಆತುರ ಅಂದರೆ ವಯಸ್ಸಾದವರನ್ನು ಕೊಲ್ಲುವುದು ಮುರಿದ ಮೂಳೆಗಿಂತ ಜಾಸ್ತಿ ಹಾಸಿಗೆ. ಮಲಗಿದಲ್ಲೇ ಮಲಗಿ ಬೆನ್ನು ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ, ಕಾಲಿನ ರಕ್ತ ಹೆಪ್ಪುಗಟ್ಟುತ್ತದೆ. ಸೊಂಟ ಮುರಿದ ಹಿರಿಯರಲ್ಲಿ ಐವರಲ್ಲಿ ಒಬ್ಬರಾದರೂ ವರ್ಷದೊಳಗೆ ಹೋಗಿಬಿಡುತ್ತಾರೆ. ಆಗ ನಾವು ಏನಂತೀವಿ, ‘ವಯಸ್ಸಾಗಿತ್ತು, ಹೋದ್ರು.’ ಟೈಲ್ಸಿನ ಹೆಸರು ಅಲ್ಲಿಯೂ ಬರುವುದಿಲ್ಲ.

ಇದೆಲ್ಲಾ ಸಣ್ಣ ವಿಷಯ ಅನ್ನುವವರು ಇದ್ದರೆ ಒಂದು ಲೆಕ್ಕ. ಜಗತ್ತಿನಲ್ಲಿ ವರ್ಷಕ್ಕೆ ಅಂದಾಜು 6,84,000 ಜನ ಬಿದ್ದು ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಚಾನಕ್ಕಾಗಿ ಆಗುವ ಗಾಯದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಇದೇ ಎರಡನೆಯದು. ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸಾವು ನಮ್ಮಂತಹ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ರಸ್ತೆ ಅಪಘಾತವಾದರೆ ಲಾರಿ ನಂಬರ್ ಬರೆಯುತ್ತೀರಿ, ತಿರುವು ಬರೆಯುತ್ತೀರಿ, ಗುಂಡಿಯ ಫೋಟೋ ಹಾಕುತ್ತೀರಿ. ಬಿದ್ದವರಿಗೆ ಮಾತ್ರ ‘ಆಯತಪ್ಪಿ’.

ನನ್ನ ಅಣ್ಣನ ಮಗಳು ಬೆಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ಕೆಲಸ ಮಾಡುತ್ತಾಳೆ. ಅಮೆರಿಕದ ಆಸ್ಪತ್ರೆ ಕಾಗದ ಓದಿ ಪ್ರತಿ ಕಾಯಿಲೆಗೂ, ಪ್ರತಿ ಗಾಯಕ್ಕೂ ಒಂದು ನಂಬರು ಹಾಕುವ ಕೆಲಸ. ನನ್ನ ಕೈ ನೋಡಲು ಬಂದಾಗ, ‘ಚಿಕ್ಕಪ್ಪ, ನಿಮಗೂ ಒಂದು ಕೋಡ್ ಇದೆ’ ಅಂದಳು. ಡಬ್ಲ್ಯೂ 01. ಜಾರಿ, ಎಡವಿ, ಮುಗ್ಗರಿಸಿ ಅದೇ ಮಟ್ಟದ ನೆಲಕ್ಕೆ ಬಿದ್ದದ್ದು ಅಂತ ಅದರ ಅರ್ಥ. ಹಿಮದ ಮೇಲೆ ಬಿದ್ದರೆ ಡಬ್ಲ್ಯೂ 00. ಮೆಟ್ಟಿಲಿಂದ ಬಿದ್ದರೆ ಡಬ್ಲ್ಯೂ 10, ಅದರಲ್ಲೂ ಫುಟ್‌ಪಾತ್ ಅಂಚಿನಿಂದ ಬಿದ್ದರೆ 10ರ ಮುಂದೆ ಚುಕ್ಕಿ 1. ಸ್ನಾನದ ತೊಟ್ಟಿಯಲ್ಲಿ ಬಿದ್ದರೆ ಅದಕ್ಕೇ ಬೇರೆ. ಟೊಮೆಟೊಗೆ ಇಲ್ವಾ ಅಂದೆ, ಇಲ್ಲವಂತೆ.

ನನಗೆ ಹೊಳೆದದ್ದು ಬೇರೆ. ಆ ಒಂದು ನಂಬರಿನೊಳಗೆ ಮೂರು ಮಾತುಗಳನ್ನು ತುರುಕಿದ್ದಾರೆ. ನಮಗೆ ಆ ಮೂರೂ ಬೇರೆ ಬೇರೆ ಅಂತ ಮೊದಲಿಂದಲೇ ಗೊತ್ತು. ಜಾರಿದವನು ಸಾಮಾನ್ಯವಾಗಿ ಹಿಂದಕ್ಕೆ ಬೀಳುತ್ತಾನೆ, ಸೊಂಟ, ಬೆನ್ನು, ಹಿಂದಲೆ. ಎಡವಿದವನು ಮುಂದಕ್ಕೆ, ಮಂಡಿ, ಹಲ್ಲು, ಅಂಗೈ. ಮುಗ್ಗರಿಸಿದವನು ಬಿದ್ದರೂ ಬಿದ್ದ, ಬೀಳದಿದ್ದರೂ ಪಾದ ಹೊರಳಿ ಹಿಮ್ಮಡಿಗಂಟು ಊದಿಸಿಕೊಳ್ಳುತ್ತಾನೆ. ಜಾರುವುದಕ್ಕೆ ಕಾರಣ ನುಣುಪು ಮತ್ತು ಒದ್ದೆ, ಎಡವುವುದಕ್ಕೆ ಕಾರಣ ಏರುತಗ್ಗು. ಮದ್ದು ಬೇರೆ ಬೇರೆ. ಹಾಗಿರುವಾಗ ಎಲ್ಲಕ್ಕೂ ‘ಆಯತಪ್ಪಿ’ ಅಂದುಬಿಟ್ಟರೆ ತಪ್ಪಿದ್ದು ಆಯ ಮಾತ್ರ, ಬೇರೆ ಯಾರದೂ ತಪ್ಪಿಲ್ಲ ಅಂತಾಯಿತು. ಭಾಷೆ ಕೊಟ್ಟ ಮೂರು ಒಳ್ಳೆ ಮಾತುಗಳನ್ನು ಪತ್ರಿಕೆಯವರೇ ಬಿಟ್ಟುಕೊಟ್ಟರೆ ಹೇಗೆ?

ನಮ್ಮ ಅಜ್ಜಿ ಮನೆಯ ಬಚ್ಚಲು ನೆನಪಾಗುತ್ತದೆ. ಹಂಡೆ ಒಲೆ ಪಕ್ಕದಲ್ಲಿ ಒಂದೇ ದೊಡ್ಡ ಚಪ್ಪಡಿ ಕಲ್ಲು. ಕಲ್ಲು ಕುಟ್ಟುವವರು ಬೀದಿಯಲ್ಲಿ ಕೂಗುತ್ತಾ ಬಂದಾಗ ಅಜ್ಜಿ ಒರಳಿಗೂ ಬೀಸುವ ಕಲ್ಲಿಗೂ ಕುಟ್ಟಿಸಿ, ‘ಬಚ್ಚಲಿಗೂ ನಾಲ್ಕೇಟು ಹಾಕಪ್ಪ’ ಅನ್ನುತ್ತಿದ್ದರು. ಸವೆದು ನುಣ್ಣಗಾದ ಕಲ್ಲಿನ ಮೇಲೆ ಉಳಿ ಏಟು ಬಿದ್ದು ಮತ್ತೆ ಚುಕ್ಕಿ ಚುಕ್ಕಿ ಒರಟಾಗುತ್ತಿತ್ತು. ಮಕ್ಕಳಿಗೆ ಅಂಗಾಲು ಕಚಗುಳಿ. ಹಳೆಯದೆಲ್ಲಾ ಚೆನ್ನಾಗಿತ್ತು ಅಂತ ಹೇಳುತ್ತಿಲ್ಲ, ಅದೇ ಒರಟಿನಲ್ಲಿ ಪಾಚಿ ಕಟ್ಟಿ ನಮ್ಮ ದೊಡ್ಡಪ್ಪ ಬಿದ್ದದ್ದೂ ಅಲ್ಲೇ. ಆದರೆ ನೆಲ ನುಣುಪಾಗುತ್ತದೆ, ಅದನ್ನು ಆಗಾಗ ಒರಟು ಮಾಡಬೇಕು ಅನ್ನೋ ತಿಳಿವಳಿಕೆ ಆ ಓದುಬರಹ ಇಲ್ಲದ ಹೆಂಗಸಿಗೆ ಇತ್ತು. ನಮಗೆ ಅಂಗಡಿಯಲ್ಲಿ ಟೈಲ್ಸ್ ಆರಿಸುವಾಗ ಮುಖ ಕಾಣುವಷ್ಟು ಹೊಳೆಯಬೇಕು. ಹೊಳಪು ನೋಡುವುದು ಒಣಗಿದ್ದಾಗ, ಅಂಗಡಿಯಲ್ಲಿ, ಚಪ್ಪಲಿ ಹಾಕಿಕೊಂಡು. ಬಳಸುವುದು ಒದ್ದೆಯಲ್ಲಿ, ಬರಿಗಾಲಲ್ಲಿ. ಟೈಲ್ಸಿಗೂ ಆರ್ 9ರಿಂದ ಆರ್ 13ರವರೆಗೆ ಜಾರದಿರುವ ದರ್ಜೆ ಇದೆ, ನಂಬರು ಜಾಸ್ತಿಯಾದಷ್ಟೂ ಹಿಡಿತ ಜಾಸ್ತಿ. ನಾನು ಮನೆ ಕಟ್ಟಿಸಿದಾಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಬಚ್ಚಲಿಗೆ ತೂತಿನ ರಬ್ಬರ್ ಮ್ಯಾಟ್ ಹಾಕಿಸಿ, ಅಮ್ಮನಿಗೆ ಹಿಡಿಯಲು ಗೋಡೆಗೆ ಒಂದು ಸ್ಟೀಲ್ ಕಂಬಿ ಬಿಗಿಸಿದ್ದೇನೆ. ಟವೆಲ್ ಹಾಕುವ ಕಡ್ಡಿ ಅಲ್ಲ, ಅದು ಮೈಭಾರಕ್ಕೆ ಕಿತ್ತು ಬರುತ್ತದೆ. ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿ ಸಣ್ಣ ದೀಪ. ಬಿಪಿ ಮಾತ್ರೆ ತಿನ್ನುವವರು ಧಿಗ್ಗನೆ ಎದ್ದರೆ ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ, ಅದಕ್ಕೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಿ ಅಂತ ಹೇಳಿದ್ದೇವೆ. ಹೇಳಿದ್ದೇವೆ ಅಷ್ಟೇ, ಅಮ್ಮ ಕೇಳಬೇಕಲ್ಲ! ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ತಲೆಗೆ ಪೆಟ್ಟಾಗುವಂತೆ ಬಿದ್ದರೆ ಮಾತ್ರ ಏನೂ ಆಗಿಲ್ಲ ಅಂತ ಮನೆಯಲ್ಲಿ ಕೂರಬೇಡಿ. ಒಳಗೆ ಸಣ್ಣಗೆ ರಕ್ತ ಒಸರಿ, ಎಷ್ಟೋ ದಿನ ಕಳೆದ ಮೇಲೆ ತಲೆನೋವು, ಮಂಪರು, ತಡವರಿಸುವ ಮಾತು ಕಾಣಿಸಿಕೊಳ್ಳುವುದುಂಟು. ಅಷ್ಟು ಹೊತ್ತಿಗೆ ಬಿದ್ದದ್ದೇ ಮನೆಯವರಿಗೆ ಮರೆತುಹೋಗಿರುತ್ತದೆ.

ಮನೆಯೊಳಗಿನದು ನಮ್ಮ ಪಾಡು. ಹೊರಗಿನದು? ಫುಟ್‌ಪಾತ್ ಅಂಚು ರಸ್ತೆಯಿಂದ 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು ಅಂತ, ರಸ್ತೆಗಳ ಮಾನದಂಡ ಬರೆಯುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಅಂದರೆ ಒಂದು ಗೇಣಿಗಿಂತ ಕಮ್ಮಿ. ನಮ್ಮ ಊರುಗಳ ಪೇಟೆ ಬೀದಿಯಲ್ಲಿ ಒಂದು ಸಲ ಗೇಣು ಹಾಕಿ ನೋಡಿ. ಮೆಟ್ಟಿಲೂ ಅಷ್ಟೇ. ಮನೆ ಮೆಟ್ಟಿಲು 19 ಸೆಂಟಿಮೀಟರ್ ಎತ್ತರ ಮೀರಬಾರದು, ಕಾಲಿಡುವ ಜಾಗ 25ಕ್ಕೆ ಕಮ್ಮಿ ಇರಬಾರದು ಅನ್ನೋದು ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿದೆ. ಅದಕ್ಕಿಂತ ಮುಖ್ಯ, ಎಲ್ಲಾ ಮೆಟ್ಟಿಲೂ ಒಂದೇ ಅಳತೆ ಇರಬೇಕು. ಕಾಲು ಮೊದಲ ಎರಡು ಮೆಟ್ಟಿಲಿನಲ್ಲೇ ಲೆಕ್ಕ ಹಾಕಿಕೊಂಡುಬಿಡುತ್ತದೆ, ಮೇಸ್ತ್ರಿ ಕೊನೆಯ ಮೆಟ್ಟಿಲಲ್ಲಿ ಉಳಿದದ್ದನ್ನು ಸರಿದೂಗಿಸಿರುತ್ತಾನೆ, ಅಲ್ಲಿ ಮುಗ್ಗರಿಸುತ್ತೇವೆ.

ಸಂಪಾದಕರೇ, ನನ್ನ ಕೋರಿಕೆ ದೊಡ್ಡದಲ್ಲ. ನಿಮ್ಮ ವರದಿಗಾರರು ಇನ್ನು ಮೇಲೆ ಒಂದು ಪ್ರಶ್ನೆ ಜಾಸ್ತಿ ಕೇಳಲಿ. ಯಾವುದರ ಮೇಲೆ? ಒದ್ದೆ ಟೈಲ್ಸೇ, ಚಪ್ಪಡಿಯೇ, ಎಣ್ಣೆಯೇ, ಹಿಡಿಯಲು ಕಂಬಿ ಇಲ್ಲದ ಮೆಟ್ಟಿಲೇ. ಅರ್ಧ ಸಾಲು ಸಾಕು. ಕೆಲಸದ ಜಾಗದಲ್ಲಿ ಬಿದ್ದವರಿಗಂತೂ ಆ ಅರ್ಧ ಸಾಲಿಗೆ ಬೆಲೆ ಇದೆ. ಕೆಲಸದಲ್ಲಿ ಆದ ಗಾಯಕ್ಕೆ ಪರಿಹಾರ ಕೊಡಬೇಕು ಅನ್ನೋ ಕಾನೂನು ನಮ್ಮಲ್ಲಿ ಬಂದದ್ದು 1923ರಲ್ಲಿ. ಆದರೆ ಆಸ್ಪತ್ರೆ ಚೀಟಿಯಲ್ಲೂ ಪತ್ರಿಕೆಯಲ್ಲೂ ಬರೀ ‘ಕಾಲು ಜಾರಿ’ ಅಂತಿದ್ದರೆ, ಜಾರಿದ ಕಾಲು ಅವನದೇ ತಾನೇ, ನಷ್ಟವೂ ಅವನದೇ. ಚೀಟಿ ಬರೆಯುವ ಡಾಕ್ಟರಿಗೂ ಇದನ್ನೇ ಹೇಳಿ ಬಂದೆ. ಪೇಷೆಂಟ್ ಸಾಲು ಬಾಗಿಲಾಚೆ ಹೋಗಿತ್ತು, ಆದರೂ ಪಾಪ, ನನ್ನ ಚೀಟಿಯ ಮೇಲೆ ‘ಮಂಡಿಯ ಒದ್ದೆ ನೆಲ’ ಅಂತ ಸೇರಿಸಿ ಕೊಟ್ಟರು.

ಮಂಡಿಯಲ್ಲಿ ಸ್ವಲ್ಪ ಬದಲಾಗಿದೆ. ಹರಾಜಿನ ಹೊತ್ತಿನಲ್ಲಿ ಗಂಟೆಗೊಮ್ಮೆ ಗುಡಿಸಲು ಒಬ್ಬರನ್ನು ಇಟ್ಟುಕೊಂಡಿದ್ದಾರೆ, ಗೊಜ್ಜಾದ ಕಡೆ ಎರಚಲು ಮರದ ಹೊಟ್ಟಿನ ಎರಡು ಚೀಲ ಮೂಲೆಯಲ್ಲಿವೆ. ಎಷ್ಟು ದಿನ ಇರುತ್ತದೋ ನೋಡೋಣ, ಈಗ ರೇಟೂ ಅಷ್ಟಕ್ಕಷ್ಟೇ.

ಈ ಪತ್ರವನ್ನು ಫೋನಿನಲ್ಲಿ ಎಡಗೈ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ. ಹೋದ ಮಂಗಳವಾರ ಪ್ಲಾಸ್ಟರ್ ಬಿಚ್ಚಿದರು. ಕೈ ಬತ್ತಿದ ನುಗ್ಗೆಕಾಯಿ ಹಾಗಿದೆ. ಮೆತ್ತನೆ ಚೆಂಡು ಹಿಡಿದು ದಿನಕ್ಕೆ ಐವತ್ತು ಸಲ ಹಿಸುಕಬೇಕಂತೆ. ಇದನ್ನು ಕೇಳಿದ ನಮ್ಮ ಹಮಾಲಿ ಹುಡುಗ ಬಾಕ್ಸಿನಿಂದ ಒಂದು ದೋರುಗಾಯಿ ಟೊಮೆಟೊ ತೆಗೆದು ಕೈಗಿಟ್ಟ. ‘ಇದನ್ನೇ ಹಿಸುಕಿ ಸಾರ್, ಚೆಂಡು ಯಾಕೆ? ಹಿಸುಕಿ ಕೆಳಗೆ ಮಾತ್ರ ಹಾಕ್ಬೇಡಿ.’

ಇಂತಿ,
ನಿಮ್ಮ ಓದುಗ, ಒಬ್ಬ ಮಂಡಿ ರೈಟರ್
ಕೋಲಾರ